ಮಳೆಗಾಲದ ದುರಸ್ತಿ, ಚಳಿಗಾಲದ ಸವಾರಿ

ಋತುವಿಗೆ ತಕ್ಕ ಊಟ, ಋತುವಿಗೆ ತಕ್ಕ ಉಡುಗೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಋತುವಿಗೆ ತಕ್ಕ ವಾಹನವೂ ಒಂದುಂಟು ಎಂಬ ಮಾತನ್ನು ಅದಕ್ಕೆ ಸೇರಿಸಬೇಕೆಂದು ನನಗೆ ತೋರುತ್ತದೆ. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಎರೆಯ ಸೀಮೆಯಲ್ಲಿ ಬಾಳಿ ಬದುಕಿದವರಿಗೆ ಸೈಕಲ್ಲು ಚಳಿಗಾಲದ ವಾಹನ. ದೀಪಾವಳಿ ಕಳೆದು, ಹೊಲದಲ್ಲಿ ಬಿಳಿಜೋಳ ಮೊಣಕಾಲೆತ್ತರ ನಿಂತಾಗ ಸವಾರಿಯ ಕಾಲ ಆರಂಭವಾಗುತ್ತದೆ. ಶಿವರಾತ್ರಿಯ ವೇಳೆಗೆ ಬಿಸಿಲು ಬಲಿಯುತ್ತಿದ್ದಂತೆ ಅದು ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿಯೂ ಜನ ಸೈಕಲ್ಲು ತುಳಿಯುತ್ತಾರೆ, ನಿಜ. ಆದರೆ ಅದು ಅನಿವಾರ್ಯಕ್ಕೆ ತುಳಿಯುವುದು. ಸಂತೋಷದಿಂದ ತುಳಿಯುವುದು ಚಳಿಗಾಲದಲ್ಲಿ ಮಾತ್ರ.

ಇದಕ್ಕೆ ಕಾರಣ ನಮ್ಮ ಮಣ್ಣಿನಲ್ಲಿಯೇ ಇದೆ. ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಬಾಯ್ದೆರೆಯುತ್ತದೆ. ಮಳೆ ಬಿದ್ದ ಹೊಲದ ದಾರಿಯಲ್ಲಿ ಸೈಕಲ್ಲು ಇಪ್ಪತ್ತು ಮಾರು ಹೋಗುವುದರೊಳಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ತುಂಬಿಕೊಂಡು ಗಾಲಿ ತಿರುಗದಂತಾಗುತ್ತದೆ. ಸವಾರನು ಇಳಿದು, ಕಟ್ಟಿಗೆಯ ಚೂರಿನಿಂದ ಕೆಸರು ಕೆದರಿ, ಮತ್ತೆ ಇಪ್ಪತ್ತು ಮಾರು ಹೋಗಿ, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಒಣದಾರಿಯಲ್ಲಿ ಸೈಕಲ್ಲು ನಮ್ಮನ್ನು ಹೊರುತ್ತದೆ, ಎರೆಯ ಕೆಸರಿನಲ್ಲಿ ನಾವು ಸೈಕಲ್ಲನ್ನು ಹೊರುತ್ತೇವೆ. ಸಾಲದ್ದಕ್ಕೆ ಆಷಾಢದ ಪಡುವಣ ಗಾಳಿ. ಎದುರು ಬೀಸಿತೆಂದರೆ ಗಟ್ಟಿಮುಟ್ಟಾದ ಹರೆಯದವನೂ ಇಳಿದು ತಳ್ಳಬೇಕು. ಇನ್ನು ಬೇಸಿಗೆಯ ಮಾತು ಹೇಳಬೇಕಾಗಿಲ್ಲ. ನಲವತ್ತು ಡಿಗ್ರಿ ದಾಟಿದ ಬಿಸಿಲು, ಕಾದ ಡಾಂಬರು, ದಾರಿಯುದ್ದಕ್ಕೂ ಉದುರಿದ ಜಾಲಿಯ ಮುಳ್ಳು. ಒಂದು ಹರದಾರಿ ಹೋಗಿ ಬರುವುದರೊಳಗೆ ಎರಡು ಪಂಕ್ಚರು.

ಚಳಿಗಾಲದಲ್ಲಿ ಇದೆಲ್ಲವೂ ತಿರುಗಿ ಬೀಳುತ್ತದೆ. ದಾರಿ ಒಣಗಿ ಹದವಾಗಿರುತ್ತದೆ. ಗಾಳಿ ಮೂಡಣದಿಂದ ಮೆಲ್ಲಗೆ ಬೀಸುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ಚಳಿ ಅಲ್ಪವಾದುದಲ್ಲ. ಕೆಲವು ವರ್ಷ ಡಿಸೆಂಬರ್ ಕೊನೆಗೆ ಬೆಳಗಿನ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹ್ಯಾಂಡಲ್ ಹಿಡಿದ ಬೆರಳುಗಳು ಮರಗಟ್ಟುತ್ತವೆ. ಆದರೆ ಅರ್ಧ ಹರದಾರಿ ತುಳಿದರೆ ಸಾಕು, ಮೈಯಲ್ಲಿ ಹಿತವಾದ ಕಾವು ಹುಟ್ಟುತ್ತದೆ. ಎರಡೂ ಬದಿಗೆ ತೆನೆ ಹೊತ್ತ ಜೋಳ, ನಡುನಡುವೆ ಕಡಲೆ, ಕುಸುಬಿ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವ ಮನೆಮಂದಿ. ಜನವರಿಯಲ್ಲಿ ಸೀತನಿ ಸುಡುವ ಹೊಗೆ. ದಾರಿಹೋಕನನ್ನು ಕರೆದು, ಇಳಿಸಿ, ಅಂಗೈ ತುಂಬ ಬಿಸಿ ಸೀತನಿ ಸುರಿಯದೆ ಕಳಿಸುವವರು ನಮ್ಮ ಕಡೆ ಈಗಲೂ ಕಡಿಮೆ. ಮೋಟಾರಿನಲ್ಲಿ ಹೋಗುವವನನ್ನು ಯಾರು ಕರೆಯುತ್ತಾರೆ? ಕೂಗು ಅವನ ಕಿವಿ ಮುಟ್ಟುವುದರೊಳಗೆ ಅವನು ಮುಂದಿನ ಊರಿನಲ್ಲಿರುತ್ತಾನೆ.

ಈ ಸವಾರಿಯ ರುಚಿ ನನಗೆ ಹತ್ತಿದ್ದು ಮಠದ ಪಾಠಶಾಲೆಯಲ್ಲಿ. 1972ರ ಬರಗಾಲದ ದಿನಗಳಲ್ಲಿ ನಾನು ಅಲ್ಲಿಯ ವಿದ್ಯಾರ್ಥಿ. ಬೆಳಿಗ್ಗೆ ಸಂಸ್ಕೃತದ ಶಬ್ದರೂಪಗಳು, ಮಧ್ಯಾಹ್ನ ವಚನಗಳ ಪಾಠ, ಸಂಜೆ ಪ್ರಾರ್ಥನೆ. ಮಠಕ್ಕೆ ಇದ್ದುದು ಒಂದೇ ಸೈಕಲ್ಲು. ಅದು ಅಂಚೆಗೆ, ಸಂತೆಗೆ, ಭಕ್ತರ ಮನೆಗಳಿಗೆ ಹೇಳಿಕಳುಹಿಸುವುದಕ್ಕೆ ಮೀಸಲು. ಹುಡುಗರಾದ ನಾವು ಅದರ ನಡುವಿನ ಕೊಳವೆಯ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವರು. ಕಲಿತವನಿಗೆ ಒಂದು ಕಟ್ಟಳೆಯಿತ್ತು. ಸೈಕಲ್ಲು ಹತ್ತಿ ಹೋದವನು ಬಂದ ಮೇಲೆ ಅದನ್ನು ಒರೆಸಿಯೇ ಊಟಕ್ಕೆ ಕೂಡ್ರಬೇಕು. ಹಸಿದ ಹುಡುಗನಿಗೆ ಅದು ಕಠಿಣವಾದ ನಿಯಮವೇ ಸರಿ. ಆದರೆ ಗುರುಗಳು ಒಮ್ಮೆಯೂ ಅದನ್ನು ಸಡಿಲಿಸಲಿಲ್ಲ.

ಇನ್ನೊಂದು ಪದ್ಧತಿಯೂ ಅಲ್ಲಿತ್ತು. ಮೃಗಶಿರ ಮಳೆ ಹಿಡಿಯಿತೆಂದರೆ ಮಠದ ಕಾರಭಾರಿಗಳು ಗೋಣಿತಟ್ಟು ಹಾಸಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ನಮ್ಮನ್ನು ಸುತ್ತ ಕೂಡ್ರಿಸಿಕೊಂಡು ಒಂದೊಂದೇ ಭಾಗ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ಜೋಡಿಸುವಾಗ ಸಾಲಿನ ಕೊನೆಯಿಂದ ಮೊದಲಿಗೆ ಬರಬೇಕು. ಸಂಧಿ ಬಿಡಿಸಿ ಪದ ಹೇಳುವುದನ್ನು ನಾನು ಕಲಿತದ್ದು ಪಂಡಿತರಿಂದ. ಅದೇ ವಿದ್ಯೆಯ ಇನ್ನೊಂದು ರೂಪವನ್ನು ಕಲಿತದ್ದು ಆ ಗೋಣಿತಟ್ಟಿನ ಮೇಲೆ. ಹೀಗೆ ಮಳೆಗಾಲವೆಂದರೆ ದುರಸ್ತಿಯ ಕಾಲ ಎಂಬುದು ಬಾಲ್ಯದಲ್ಲಿಯೇ ನನ್ನ ಮನಸ್ಸಿನಲ್ಲಿ ನಿಂತಿತು.

ಮುಂದೆ ಓದುತ್ತ, ಕೇಳುತ್ತ ಹೋದಂತೆ ಒಂದು ಸೋಜಿಗ ತಿಳಿಯಿತು. ಶೀತದೇಶಗಳಲ್ಲಿ ಈ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಚಳಿಗಾಲವೆಂದರೆ ಹಿಮ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಸೈಕಲ್ಲಿನ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಅಲ್ಲಿಯ ಬಹಳಷ್ಟು ಜನ ಚಳಿಗಾಲದಲ್ಲಿ ಸೈಕಲ್ಲನ್ನು ಒಳಗಿಟ್ಟು, ಬಿಚ್ಚಿ, ತೊಳೆದು, ಬಣ್ಣ ಹಚ್ಚಿ, ವಸಂತಕ್ಕೆ ಸಿದ್ಧಮಾಡುತ್ತಾರೆ. ಹಾಗೆಂದು ಎಲ್ಲರೂ ಒಳಗೆ ಕುಳಿತಿರುವುದಿಲ್ಲ. ಫಿನ್‌ಲೆಂಡ್ ದೇಶದ ಔಲು ಎಂಬ ನಗರದಲ್ಲಿ ಶಾಲೆಯ ಮಕ್ಕಳು ಹಿಮದ ಮೇಲೆಯೇ ಸೈಕಲ್ಲಿನಲ್ಲಿ ಹೋಗುತ್ತಾರೆ. ಸೈಕಲ್ ದಾರಿಯನ್ನು ನಗರಸಭೆ ಹಿಮ ತೆಗೆದು ಸಿದ್ಧವಾಗಿಡುತ್ತದೆ. ಚಳಿಗಾಲದ ಸೈಕಲ್ ಸವಾರಿಯನ್ನು ಕುರಿತ ಅಂತರರಾಷ್ಟ್ರೀಯ ಸಮಾವೇಶವೊಂದು 2013ರಲ್ಲಿ ಅಲ್ಲಿ ಆರಂಭವಾಯಿತು. ನಮ್ಮ ಹತ್ತು ಡಿಗ್ರಿಗೆ ಹೊದ್ದು ಮಲಗುವವರು ಈ ಮಕ್ಕಳನ್ನು ನೆನೆಯಬೇಕು.

ಕೆಲಸವಿಲ್ಲದ ಋತುವನ್ನು ಸದುಪಯೋಗ ಮಾಡಿಕೊಂಡವರ ಪೈಕಿ ಜಗತ್ತೇ ಬಲ್ಲ ಇಬ್ಬರಿದ್ದಾರೆ. ಅಮೆರಿಕದ ಡೇಟನ್ ಎಂಬ ಊರಿನಲ್ಲಿ ವಿಲ್ಬರ್ ರೈಟ್, ಆರ್ವಿಲ್ ರೈಟ್ ಎಂಬ ಸೋದರರು 1892ರಲ್ಲಿ ಸೈಕಲ್ ಅಂಗಡಿ ತೆರೆದರು. 1896ರಿಂದ ತಾವೇ ಸೈಕಲ್ಲುಗಳನ್ನು ಕಟ್ಟಿ ಮಾರಿದರು. ವಸಂತ, ಬೇಸಿಗೆಗಳಲ್ಲಿ ಅವರಿಗೆ ಬಿಡುವಿಲ್ಲದ ವ್ಯಾಪಾರ. ಶರದೃತು ಬಂತೆಂದರೆ ಗಿರಾಕಿಗಳು ಕಡಿಮೆ. ಆ ಬಿಡುವಿನಲ್ಲಿ ಅವರು ಹಾರುವ ಯಂತ್ರದ ಪ್ರಯೋಗ ನಡೆಸಿದರು. 1903ರ ಡಿಸೆಂಬರ್ 17ರಂದು ಮನುಷ್ಯನನ್ನು ಹೊತ್ತು ಮೇಲೆದ್ದ ಅವರ ವಿಮಾನದಲ್ಲಿ ಯಂತ್ರದ ಶಕ್ತಿಯನ್ನು ಎರಡು ರೆಕ್ಕೆಚಕ್ರಗಳಿಗೆ ಮುಟ್ಟಿಸಿದ್ದು ಸೈಕಲ್ಲಿನ ಮಾದರಿಯ ಚೈನು, ಹಲ್ಲುಚಕ್ರಗಳೇ. ಅಂಗಡಿ ಖಾಲಿಯಾದ ತಿಂಗಳುಗಳಲ್ಲಿ ಅವರು ಸುಮ್ಮನೆ ಕುಳಿತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ, ಬಿಡುವೆಂಬುದು ಎಂತಹ ಧನವೆಂದು ಅರಿವಾಗುತ್ತದೆ.

ನನ್ನ ಬಿಡುವಿನ ಸ್ವರೂಪ ಬೇರೆ. ಪಾಠಶಾಲೆಯ ಓದು ಮುಗಿಸಿದ ಮೇಲೆ ಪುರಾಣ, ಪ್ರವಚನಗಳೇ ನನ್ನ ಕಾಯಕವಾದವು. ಶ್ರಾವಣ ಮಾಸದಲ್ಲಿ ಒಂದೊಂದು ವರ್ಷ ಒಂದೊಂದು ಊರಿನವರು ಕರೆಸಿಕೊಳ್ಳುತ್ತಾರೆ. ರಾತ್ರಿ ಎರಡು ತಾಸು ಪುರಾಣ. ಹಗಲು ಹನ್ನೆರಡು ತಾಸು ಊರ ಮಠದ ಕಟ್ಟೆಯ ಮೇಲೆ ಕುಳಿತಿರುವುದು. ಓದುವುದು ಎಷ್ಟು ಹೊತ್ತು? ಮಳೆಯಿಂದ ಹೊಲದ ಕೆಲಸ ನಿಂತ ದಿನ ಊರವರೂ ಕಟ್ಟೆಗೆ ಬಂದು ಕುಳಿತುಕೊಳ್ಳುತ್ತಾರೆ. ಮಾತು ಬೇಸಾಯದಿಂದ ರಾಜಕೀಯಕ್ಕೆ, ರಾಜಕೀಯದಿಂದ ಪರನಿಂದೆಗೆ ಇಳಿಯುತ್ತದೆ. ಇದನ್ನು ತಪ್ಪಿಸಲು ನಾನು ಕಂಡುಕೊಂಡ ಉಪಾಯವೇ ಸೈಕಲ್ ದುರಸ್ತಿ. ಪುರಾಣದ ಹೊತ್ತಿಗೆಯ ಚೀಲದ ಜೊತೆಗೆ ಪಾನಾ, ಇಕ್ಕಳ, ಸ್ಪೋಕು ಬಿಗಿಯುವ ಕೀಲಿ, ಗ್ರೀಸಿನ ಡಬ್ಬಿ, ಪಂಕ್ಚರಿನ ಸಾಮಾನು ತುಂಬಿದ ಇನ್ನೊಂದು ಚೀಲವೂ ನನ್ನ ಸಂಗಡ ಬರುತ್ತದೆ.

ಮಠದಲ್ಲಿ ಕಲಿತದ್ದಕ್ಕೆ ಮೆರುಗು ಕೊಟ್ಟವರು ಬಾಗೇವಾಡಿಯ ಒಂದು ಸೈಕಲ್ ಅಂಗಡಿಯ ಹಿರಿಯರು. ಊರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿತ್ತು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಹತ್ತು ಸೈಕಲ್ಲುಗಳು ಅವರ ಅಂಗಡಿಯ ಮುಂದೆ ಸಾಲಾಗಿ ನಿಂತಿರುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. ಗಾಲಿಯ ಬೆಂಡ್ ತೆಗೆಯುವುದನ್ನು ನಾನು ಅವರ ಪಕ್ಕದಲ್ಲಿ ಕುಳಿತು ಕಲಿತೆ. ನಮ್ಮ ದೇಶದ ಸಾಮಾನ್ಯ ದೊಡ್ಡ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನ ಗಾಲಿಗೆ 40 ಸ್ಪೋಕುಗಳು. ಅರ್ಧ ಎಡಕ್ಕೆ ಎಳೆಯುತ್ತವೆ, ಅರ್ಧ ಬಲಕ್ಕೆ ಎಳೆಯುತ್ತವೆ. ರಿಮ್ಮು ಬಲಕ್ಕೆ ವಾಲಿದ ಕಡೆ ಎಡದ ಸ್ಪೋಕನ್ನು ಕಾಲು ಸುತ್ತು ಬಿಗಿದು, ಬಲದ್ದನ್ನು ಅಷ್ಟೇ ಸಡಿಲಿಸಬೇಕು. ಅವಸರಕ್ಕೆ ಒಂದೇ ಸಲ ಪೂರಾ ಸುತ್ತು ತಿರುವಿದರೆ ಇನ್ನೊಂದು ಕಡೆ ಹೊಸ ಬೆಂಡು ಹುಟ್ಟುತ್ತದೆ. ಮನೆತನಗಳನ್ನು ನಡೆಸುವವರೂ ಗಮನಿಸಬೇಕಾದ ಸೂಕ್ಷ್ಮವಿದು.

ಚಾಚಾ ಒಂದು ಮಾತನ್ನು ಮೇಲಿಂದ ಮೇಲೆ ಹೇಳುತ್ತಿದ್ದರು: “ಶಾಸ್ತ್ರಿಗಳ, ಸೈಕಲ್ ಕೆಡೂದು ಓಡಿಸಿದ್ರಲ್ರೀ, ನಿಲ್ಲಿಸಿದ್ರ.” ಓಡುವ ಸೈಕಲ್ಲಿನ ಚೈನಿಗೆ ಎಣ್ಣೆ ಹರಡುತ್ತದೆ, ಟೈರು ಒಂದೇ ಜಾಗದಲ್ಲಿ ಒತ್ತಿ ಬಿರಿಯುವುದಿಲ್ಲ, ಸಣ್ಣ ಸಪ್ಪಳ ಕೇಳಿದ ಸವಾರ ಅಂದೇ ತಿರುಪು ಬಿಗಿಯುತ್ತಾನೆ. ಗೋಡೆಗೆ ಆನಿಸಿಟ್ಟ ಸೈಕಲ್ಲಿನ ಸಪ್ಪಳ ಕೇಳುವವರು ಯಾರು? ಅದು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ಈ ಮಾತಿನ ನಿಜ ನನಗೆ ಪೂರ್ತಿ ಮನವರಿಕೆಯಾದದ್ದು 2024ರ ಶ್ರಾವಣದಲ್ಲಿ, ನಮ್ಮ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಪುರಾಣ ನಡೆದಾಗ. ಬಿನ್ನಹಕ್ಕೆ ಕರೆದ ಮನೆಗಳ ಹಿತ್ತಿಲಲ್ಲಿ, ದನದ ಕೊಟ್ಟಿಗೆಯಲ್ಲಿ, ಮೇವಿನ ಬಣವೆಯ ಮಗ್ಗುಲಲ್ಲಿ ನನ್ನ ಕಣ್ಣಿಗೆ ಬಿದ್ದವು ತುಕ್ಕು ಹಿಡಿದ ಸೈಕಲ್ಲುಗಳು. ಒಂದಕ್ಕೆ ಪೆಡಲ್ ಇಲ್ಲ, ಇನ್ನೊಂದರ ಸೀಟಿನ ಮೇಲೆ ಕೋಳಿ ಕುಳಿತಿದೆ. ಬಹುಪಾಲು ಸರಕಾರದ ಯೋಜನೆಯಲ್ಲಿ ಮಕ್ಕಳಿಗೆ ಬಂದವು. ನಮ್ಮ ರಾಜ್ಯದಲ್ಲಿ 2006-07ನೆಯ ಸಾಲಿನಲ್ಲಿ ಆರಂಭವಾದ ಆ ಯೋಜನೆ, ಸರಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳಲ್ಲಿ 8ನೆಯ ತರಗತಿ ಸೇರಿದ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಟ್ಟಿತು. ಕೋವಿಡ್ ಬಂದ 2020ರಲ್ಲಿ ವಿತರಣೆ ನಿಂತಿತು. ಅಕ್ಕನಿಗೆ ಸಿಕ್ಕ ಸೈಕಲ್ಲು ಅಕ್ಕ ಮದುವೆಯಾಗಿ ಹೋದ ಮೇಲೆ ಕೊಟ್ಟಿಗೆ ಸೇರಿತು. ತಂಗಿ ಪ್ರೌಢಶಾಲೆಗೆ ಬರುವ ಹೊತ್ತಿಗೆ ಹೊಸದು ಬರಲಿಲ್ಲ, ಹಳೆಯದು ಓಡಲಿಲ್ಲ.

ಪುರಾಣಕ್ಕೆ ದಿನವೂ ಬರುತ್ತಿದ್ದ ಒಬ್ಬ ಅಜ್ಜಿಯ ಜೊತೆಗೆ ಅವಳ ಮೊಮ್ಮಗಳು ಬರುತ್ತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ, ಕೇಳಿದ ಕಥೆಯನ್ನು ಮರುದಿನ ಸ್ಪಷ್ಟವಾಗಿ ಹೇಳುವ ಚುರುಕು ಬುದ್ಧಿ. ಅವರ ವಾಸ ಊರ ಹೊರಗಿನ ತೋಟದ ವಸ್ತಿಯಲ್ಲಿ. ಶಾಲೆ ಪಕ್ಕದ ದೊಡ್ಡ ಊರಿನಲ್ಲಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆದರೆ ಬಸ್ಸು ಬರುವುದು ಡಾಂಬರು ರಸ್ತೆಗೆ, ವಸ್ತಿಗೆ ಅಲ್ಲ. ವಸ್ತಿಯಿಂದ ಬಸ್ಸಿನ ಕಟ್ಟೆಗೆ ಮುಕ್ಕಾಲು ತಾಸಿನ ದಾರಿ. ಬೆಳೆ ಎತ್ತರವಾದಾಗ ಒಂಟಿ ಹುಡುಗಿ ನಡೆಯುವ ದಾರಿಯಲ್ಲ. “ಈ ವರ್ಷ ಮುಗಿದ್ರ ಸಾಲಿ ಬಿಡಸೂದ ಐತ್ರೀ ಅಯ್ಯಾರ, ಎಷ್ಟ ದಿನ ಕಳಸಾಕ ಹೋಗೂದು, ಕರ್ಕೊಂಡ ಬರೂದು?” ಎಂದಳು ಅಜ್ಜಿ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಶಾಲೆ ಬಿಟ್ಟ ಹುಡುಗಿಯ ಮುಂದಿನ ದಾರಿ ನಮ್ಮ ಸೀಮೆಯಲ್ಲಿ ಯಾವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಅಕ್ಕನ ಸೈಕಲ್ಲನ್ನು ಮಠದ ಕಟ್ಟೆಗೆ ತರಿಸಿದೆ. ಗೋಣಿತಟ್ಟು ಹಾಸಿ, ತಲೆಕೆಳಗು ನಿಲ್ಲಿಸಿ, ಹುಡುಗಿಯ ಕೈಗೇ ಪಾನಾ ಕೊಟ್ಟೆ. ಮೊದಲು ತುಕ್ಕು ಹಿಡಿದ ತಿರುಪುಗಳಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಬಲವಂತ ಮಾಡಿದರೆ ತಿರುಪಿನ ತಲೆ ಮುರಿಯುತ್ತದೆ. ಮಾರನೆಯ ದಿನ ಗಾಲಿಗಳನ್ನು ಬಿಚ್ಚಿದೆವು. ಮುಂದಿನ ಹಬ್ಬಿನ ಒಂದೊಂದು ಬದಿಗೆ 10 ಸಣ್ಣ ಉಕ್ಕಿನ ಗುಂಡುಗಳು, ಹಿಂದಿನದಕ್ಕೆ 9 ದೊಡ್ಡವು, ಪೆಡಲಿನ ನಡುವಿನ ಅಚ್ಚಿಗೆ 11. ಎಣಿಸಿ ತಟ್ಟೆಯಲ್ಲಿಟ್ಟು, ಡೀಸೆಲ್ಲಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿದೆವು. ಹೊಳಪಿದ್ದವು ಉಳಿದವು, ಗುಳಿ ಬಿದ್ದವು ಹೋದವು. ಹೊಸ ಗ್ರೀಸಿನಲ್ಲಿ ಅವುಗಳನ್ನು ಒಂದೊಂದಾಗಿ ಕೂಡ್ರಿಸುವಾಗ ಆ ಹುಡುಗಿಯ ಮುಖದಲ್ಲಿದ್ದ ಏಕಾಗ್ರತೆ, ಪೂಜೆಗೆ ಕುಳಿತವರ ಮುಖದಲ್ಲಿ ನಾನು ಕಾಣುವಂಥದೇ ಆಗಿತ್ತು.

ಚೈನಿನ ಪರೀಕ್ಷೆಗೆ ಶಾಲೆಯ ಅಡಿಪಟ್ಟಿ ಸಾಕು. ಚೈನಿನ ಒಂದು ಕೀಲಿನಿಂದ ಮುಂದಿನ ಕೀಲಿಗೆ ಅರ್ಧ ಇಂಚು. ಎಂದರೆ 24 ಕೊಂಡಿಗಳು ಸರಿಯಾಗಿ 12 ಇಂಚು ಆಗಬೇಕು. ಅದಕ್ಕಿಂತ ಇಂಚಿನ ಎಂಟನೆಯ ಒಂದು ಪಾಲು ಹೆಚ್ಚಾಗಿದ್ದರೆ ಆ ಚೈನು ಹಲ್ಲುಚಕ್ರವನ್ನೂ ತಿನ್ನತೊಡಗಿದೆ ಎಂದು ತಿಳಿಯಬೇಕು. ಇಲ್ಲಿಯ ಚೈನು ಹೋಗಿತ್ತು; ಹೊಸದು ತರಿಸಿದೆವು. ಒಳಗಿನ ಟ್ಯೂಬು, ವಾಲ್ ಟ್ಯೂಬು, ಬ್ರೇಕಿನ ರಬ್ಬರುಗಳು ಹೊಸವು. ಟೈರುಗಳಲ್ಲಿ ಒಂದು ಉಳಿಯಿತು. ಎರಡು ದಿನ ಕುಳಿತು ಗಾಲಿಗಳ ಬೆಂಡ್ ತೆಗೆದೆವು. ಎಲ್ಲ ಸೇರಿ ಸಾವಿರದ ಐನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು. ಹಣಕ್ಕಿಂತ ಹೆಚ್ಚು ಬೇಕಾದದ್ದು ಕುಳಿತುಕೊಳ್ಳುವ ತಾಳ್ಮೆ. ಅದನ್ನು ಮಳೆಗಾಲ ಪುಕ್ಕಟೆಯಾಗಿ ಒದಗಿಸಿತ್ತು.

ಇಷ್ಟರಲ್ಲಿ ಊರಿನಲ್ಲಿ ಸಣ್ಣದೊಂದು ಗೊಣಗಾಟ ಎದ್ದಿತು. ಹಿರಿಯರೊಬ್ಬರು ಬಂದು, “ಶಾಸ್ತ್ರಿಗಳ, ರಾತ್ರಿ ಪುರಾಣದ ಹೊತ್ತಿಗಿ ಹಿಡಿಯೂ ಕೈ ಇದು. ಹಗಲಿ ಇದಕ್ಕ ಎಣ್ಣಿ ಮಸಿ ಬಳಕೊಂಡ್ರ ಚಂದ ಕಾಣೂದಿಲ್ರೀ” ಎಂದು ವಿನಯದಿಂದಲೇ ಹೇಳಿದರು. ಅವರ ಮಾತಿನಲ್ಲಿ ಕೇಡಿರಲಿಲ್ಲ, ಗೌರವವಿತ್ತು. ನಾನು ಅಂದಿನ ರಾತ್ರಿಯ ಪುರಾಣದಲ್ಲಿಯೇ ಉತ್ತರ ಕೊಟ್ಟೆ. ಅನುಭವ ಮಂಟಪದಲ್ಲಿ ಕುಳಿತವರು ಯಾರು? ಬುಟ್ಟಿ ಹೆಣೆದ ಕೇತಯ್ಯ, ಬಟ್ಟೆ ಒಗೆದ ಮಾಚಯ್ಯ, ದೋಣಿ ನಡೆಸಿದ ಚೌಡಯ್ಯ. ಅವರ ಅಂಗೈಗಳು ಮೃದುವಾಗಿದ್ದವೆಂದು ನಾವು ಭಾವಿಸಿದ್ದೇವೆಯೇ? ಉಪಕರಣವನ್ನು ಬಳಸುವುದು ಕಾಯಕವಾದರೆ ಅದನ್ನು ಸುಸ್ಥಿತಿಯಲ್ಲಿಡುವುದೂ ಕಾಯಕದ ಭಾಗವೇ. ಬಸವಣ್ಣನವರು ಹುಟ್ಟಿದ ತಾಲೂಕಿನಲ್ಲಿ ನಿಂತು ಈ ಮಾತನ್ನು ನಾನು ವಿವರಿಸಬೇಕಾಗಿ ಬಂದುದೇ ಆಶ್ಚರ್ಯ ಎಂದೆ. ಸಭೆ ನಕ್ಕಿತು. ಆ ಹಿರಿಯರೂ ನಕ್ಕರು. ಮರುದಿನ ಬೆಳಿಗ್ಗೆ ಅವರೇ ತಮ್ಮ ಮನೆಯ ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಬಂದರು.

ಶ್ರಾವಣ ಮುಗಿಯುವುದರೊಳಗೆ ಏಳು ಸೈಕಲ್ಲುಗಳು ಎದ್ದು ನಿಂತವು. ಎರಡು ಎಷ್ಟು ಮಾಡಿದರೂ ಏಳಲಿಲ್ಲ. ಅವುಗಳ ಭಾಗಗಳು ಉಳಿದವಕ್ಕೆ ಜೀವ ಕೊಟ್ಟವು. ಮಂಗಲದ ದಿನ ಊರವರು ಶಾಲು, ಕಾಣಿಕೆ ಸಿದ್ಧಮಾಡಿದ್ದರು. ಶಾಲಿನ ಬದಲು ಒಂದು ಒಳ್ಳೆಯ ಗಾಳಿ ಪಂಪು, ಒಂದು ಜೊತೆ ಪಾನಾ, ಎಣ್ಣೆಯ ಡಬ್ಬಿ ತಂದು ಮಠದ ಕಟ್ಟೆಯ ಮೇಲೆ ಇಡಬೇಕೆಂದು ನಾನು ಬೇಡಿಕೊಂಡೆ. ಬೇಕಾದವರು ಬಂದು ಬಳಸಲಿ, ಬಳಸಿದವರು ಒರೆಸಿ ಇಡಲಿ. ಊರವರು ಒಪ್ಪಿದರು. ಅವುಗಳ ಉಸ್ತುವಾರಿಯನ್ನು ಹುಡುಗರಿಗಲ್ಲ, ಆ ಹುಡುಗಿಗೆ ವಹಿಸಿದರು. ಗುಂಡುಗಳ ಲೆಕ್ಕ ಅವಳೊಬ್ಬಳಿಗೇ ಬಾಯಿಪಾಠವಾಗಿತ್ತು.

ಅದೇ ವರ್ಷ ಎಳ್ಳಮಾಸಿ ಡಿಸೆಂಬರ್ 30ಕ್ಕೆ ಬಂದಿತ್ತು. ಹಬ್ಬದ ಮರುದಿನ ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಆ ಹಳ್ಳಿಯ ಕಡೆಗೆ ಹೊರಟಿದ್ದೆ. ಕಿವಿಗೆ ಮಫ್ಲರು, ಮೈಗೆ ಕಂಬಳಿಯ ಕೋಟು. ಎದುರಿನಿಂದ ಮೂರು ಸೈಕಲ್ಲುಗಳು ಬಂದವು. ಮುಂದಿನದರಲ್ಲಿ ಅವಳು, ಹಿಂದಿನ ಕ್ಯಾರಿಯರಿನ ಮೇಲೆ ವಸ್ತಿಯ ಇನ್ನೊಬ್ಬ ಚಿಕ್ಕ ಹುಡುಗಿ. ನಿಲ್ಲಿಸಿ ನಮಸ್ಕಾರ ಮಾಡಿ, ಹಿಂದಿನ ಗಾಲಿಯನ್ನೆತ್ತಿ ಪೆಡಲನ್ನು ಒಮ್ಮೆ ತಿರುವಿ ತೋರಿಸಿದಳು. “ಅಜ್ಜಾರ, ನಿನ್ನೆ ಎಣ್ಣಿ ಬಿಟ್ಟೇನ್ರೀ. ಸಪ್ಪಳ ಐತೇನ ನೋಡ್ರಿ.” ಸಪ್ಪಳವಿರಲಿಲ್ಲ. “ಸಾಲಿಗಿ ಹೊತ್ತಾಗತೈತ್ರೀ” ಎಂದು ಮತ್ತೆ ಹತ್ತಿ ಹೋದಳು. ಮರುವರ್ಷ ಅವಳು ಹತ್ತನೆಯ ತರಗತಿಗೆ ಹೋದಳು. ಶಾಲೆ ಬಿಡಿಸುವ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ.

ಇದು ಒಬ್ಬ ಹುಡುಗಿಯ ಸಂಗತಿ ಮಾತ್ರವಲ್ಲ. ಬಿಹಾರ ರಾಜ್ಯವೂ 2006ರಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸೈಕಲ್ಲಿನ ಯೋಜನೆ ತಂದಿತು. ಕಾರ್ತಿಕ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡಾ 32ರಷ್ಟು ಏರಿತೆಂದೂ, ಗಂಡು ಹೆಣ್ಣು ಮಕ್ಕಳ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತೆಂದೂ ಅವರು ಕಂಡುಕೊಂಡರು. ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ಹೆಚ್ಚು. ಎರಡು ಗಾಲಿಗಳು ಏನು ಮಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೊಡುವುದು ಸರಕಾರದ ಕೈಯಲ್ಲಿರಬಹುದು. ಓಡುವಂತೆ ಇಡುವುದು ನಮ್ಮ ಕೈಯಲ್ಲಿದೆ.

ನಮ್ಮ ಜಿಲ್ಲೆಯವರು ಸೈಕಲ್ಲಿನಲ್ಲಿ ಹಿಂದೆ ಬಿದ್ದವರೇನೂ ಅಲ್ಲ. ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳಲ್ಲಿ ಸೈಕ್ಲಿಂಗ್ ಕಲಿತ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ತಂದಿದ್ದಾರೆ. ಚಳಿಗಾಲದ ಮುಂಜಾವಿನಲ್ಲಿ ವಿಜಯಪುರದ ಹೊರರಸ್ತೆಗಳಲ್ಲಿ ಸಾಲಾಗಿ ಸಾಗುವ ಈ ಹುಡುಗ ಹುಡುಗಿಯರನ್ನು ನೋಡುವುದೇ ಒಂದು ಹಬ್ಬ. ಎರೆಯ ಸೀಮೆಯ ಸಮತಟ್ಟಾದ ನೀಳ ರಸ್ತೆ, ಎದುರುಗಾಳಿ, ಚಿಕ್ಕಂದಿನಿಂದ ಹೊಲಮನೆಯ ದುಡಿಮೆಯಲ್ಲಿ ಗಟ್ಟಿಯಾದ ಕಾಲು ಇವೇ ಅವರ ಮೊದಲ ಗುರುಗಳು.

ಆದರೆ ದುರಸ್ತಿಯ ಅಂಗಡಿಗಳು ಕಡಿಮೆಯಾಗುತ್ತಿವೆ. ಚಾಚಾ ಈಗಿಲ್ಲ, ಅವರ ಅಂಗಡಿಯ ಜಾಗದಲ್ಲಿ ಮೋಟಾರ್‌ಸೈಕಲ್ಲಿನ ಪಂಕ್ಚರ್ ಹಾಕುತ್ತಾರೆ. ಹೆಸರಾಂತ ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರಖಾನೆ 2020ರ ಜೂನ್ 3ರಂದು ಮುಚ್ಚಿತು. ವಿಶ್ವಸಂಸ್ಥೆ 2018ರಲ್ಲಿ ವಿಶ್ವ ಸೈಕಲ್ ದಿನವೆಂದು ಸಾರಿದ ದಿನಾಂಕವೇ ಅದು. ಮಾಡಿಕೊಡುವವರು ಕಡಿಮೆಯಾದಷ್ಟೂ ಮನೆಮನೆಯಲ್ಲಿ ಒಬ್ಬರಾದರೂ ಈ ವಿದ್ಯೆ ಕಲಿತಿರುವುದು ಅಗತ್ಯವಾಗುತ್ತದೆ.

ಅರವತ್ತು ದಾಟಿದ ನನ್ನಂಥವರಿಗೆ ಎರಡು ಮಾತು. ಚಳಿಗಾಲದ ಸವಾರಿ ಮೊಣಕಾಲಿಗೆ ವೈರಿಯಲ್ಲ. ಏಕಾಏಕಿ ಬಿರುಸಾಗಿ ತುಳಿಯುವುದು ವೈರಿ. ಮೊದಲು ಹತ್ತು ನಿಮಿಷ ನಡೆದು ಆಮೇಲೆ ಹತ್ತಬೇಕು. ಪೆಡಲು ಕೆಳಗೆ ಬಂದಾಗ ಕಾಲು ಬಹುತೇಕ ನೀಳವಾಗುವಷ್ಟು ಸೀಟನ್ನು ಎತ್ತರಿಸಿಕೊಳ್ಳಬೇಕು. ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಚಳಿಗೆ ಹೊರಡಬಾರದು. ತಂಪಿಗೆ ಗಾಳಿ ಕುಗ್ಗುವುದರಿಂದ ಟೈರನ್ನು ಬೆಳಿಗ್ಗೆಯೇ ಒತ್ತಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಳಿಗಾಲವೇ ಕಬ್ಬು ಅರೆಯುವ ಕಾಲ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ನಸುಕಿನಲ್ಲಿಯೇ ರಸ್ತೆ ತುಂಬಿರುತ್ತವೆ. ಹೊತ್ತು ಹುಟ್ಟಿದ ಮೇಲೆ ಹೊರಡುವುದು ಲೇಸು. ಹಿಂದಿನ ಮಡ್‌ಗಾರ್ಡಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಬಿಲ್ಲೆ ಇರಲೇಬೇಕು.

ನಮ್ಮಲ್ಲಿ ಮಹಾನವಮಿಗೆ ಖಂಡೇಪೂಜೆಯಂದು ನೇಗಿಲು, ಕುಂಟೆಗಳ ಜೊತೆಗೆ ಸೈಕಲ್ಲನ್ನೂ ತೊಳೆದು, ವಿಭೂತಿ ಹಚ್ಚಿ, ಹೂಮಾಲೆ ಹಾಕುತ್ತೇವೆ. ತುಕ್ಕು ಹಿಡಿದ ಚೈನಿನ ಮೇಲೆ ಚೆಂಡುಹೂವಿನ ಮಾಲೆ ಹಾಕಿದರೆ ಅದು ಪೂಜೆಯೆನಿಸದು. ಮೃಗಶಿರದಿಂದ ಮಹಾನವಮಿಯವರೆಗೆ ನಾಲ್ಕು ತಿಂಗಳ ಬಿಡುವಿದೆ. ಅಷ್ಟರಲ್ಲಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಜೋಡಿಸಿ, ಹಬ್ಬದಂದು ಮಾಲೆ ಹಾಕಿ, ದೀಪಾವಳಿಯ ಬೆನ್ನಿಗೆ ಹತ್ತಿ ಹೊರಡುವುದು ನಮ್ಮ ಸೀಮೆಯ ಋತುಧರ್ಮಕ್ಕೆ ಒಪ್ಪುವ ಕ್ರಮ.

ಈ ಪತ್ರಿಕೆಯನ್ನು ಓದುವ ಸದ್ಭಕ್ತರ ಮನೆಗಳಲ್ಲಿ ನನ್ನದೊಂದು ಬಿನ್ನಹ. ಹಿತ್ತಿಲಿಗೆ ಒಮ್ಮೆ ಹೋಗಿ ನೋಡಿರಿ. ಬಣವೆಯ ಮಗ್ಗುಲಲ್ಲಿ ಒಂದು ಸೈಕಲ್ಲು ಇದ್ದೀತು. ನಿಮ್ಮ ಮನೆಯಲ್ಲಿ ತುಳಿಯುವ ಮಕ್ಕಳಿಲ್ಲದಿದ್ದರೆ ನೆರೆಮನೆಯಲ್ಲಿ, ಊರ ಹೊರಗಿನ ವಸ್ತಿಯಲ್ಲಿ ಇದ್ದೇ ಇರುತ್ತಾರೆ. ಗುಜರಿಯವನು ಅದನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ಶಾಲೆಗೆ ನಡೆಯುವ ಮಗುವಿಗೆ ಅದರ ಬೆಲೆ ಬೇರೆ. ಒಂದು ಮಳೆಗಾಲ ಅದರ ಮುಂದೆ ಕುಳಿತು ಸಿದ್ಧಮಾಡಿ ಆ ಮಗುವಿಗೆ ಒಪ್ಪಿಸಿದರೆ, ಅದೂ ದಾಸೋಹವೇ.